ನೆಲದ ಲೆಕ್ಕ ಇಡುವವರಿಗೆ ಅವಸರ ಸಲ್ಲದು

2020ರ ಫೆಬ್ರವರಿಯಲ್ಲಿ ಒಂದೆರಡು ದಿನ ದೇಶವೆಲ್ಲ ಚಿನ್ನದ ಮಾತಾಡಿತು. ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ಗುಡ್ಡಗಳಲ್ಲಿ ಮೂರು ಸಾವಿರ ಟನ್ನಿಗೂ ಮಿಕ್ಕಿ ಚಿನ್ನ ಪತ್ತೆಯಾಗಿದೆ ಎಂದು ಜಿಲ್ಲಾ ಗಣಿ ಅಧಿಕಾರಿಯ ಮಾತು ಹಿಡಿದು ವಾಹಿನಿಗಳು ಸಾರಿದವು. ಕೋಲಾರದ ಗಣಿಗಳು ನೂರಕ್ಕೂ ಹೆಚ್ಚು ವರ್ಷ ದುಡಿದು, ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದು ಕೊಟ್ಟದ್ದೇ ಸುಮಾರು 800 ಟನ್. ಅದರ ನಾಲ್ಕರಷ್ಟು ಒಂದೇ ಜಿಲ್ಲೆಯಲ್ಲಿದೆ ಎಂದರೆ ಕಲ್ಲಿನ ಬಗ್ಗೆ ಸ್ವಲ್ಪ ತಿಳಿದವರಿಗೂ ಅನುಮಾನ ಬರಬೇಕು. ಆದರೂ ಸುದ್ದಿ ನಿಲ್ಲಲಿಲ್ಲ. ಕೊನೆಗೆ ನಿಲ್ಲಿಸಿದ್ದು ಕೋಲ್ಕತ್ತದಿಂದ ಬಂದ ಒಂದು ಪುಟ್ಟ ಹೇಳಿಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ತಾನು ಅಲ್ಲಿ ಅಂದಾಜು ಮಾಡಿದ್ದು 52,806 ಟನ್ ಅದಿರು, ಟನ್ನಿಗೆ ಸರಾಸರಿ 3.03 ಗ್ರಾಂ ಚಿನ್ನ ಎಂದಿತು. ಗುಣಿಸಿ ನೋಡಿದರೆ ಸಿಗುವುದು ಸುಮಾರು 160 ಕಿಲೊ.

ಆ ಹೇಳಿಕೆ ಯಾರಿಗೂ ಸಂತೋಷ ತರಲಿಲ್ಲ. ಆದರೆ ದೇಶವೊಂದು ಭೂವಿಜ್ಞಾನ ಸಂಸ್ಥೆಯನ್ನು ಸಾಕುವುದು ಇಂಥ ಹೇಳಿಕೆಗಾಗಿಯೇ. ನೆಲದೊಳಗೆ ಏನಿದೆ ಎಂದು ಹೇಳಬಲ್ಲವರು ಅನೇಕರು ಸಿಗುತ್ತಾರೆ. ಏನಿಲ್ಲ ಎಂದು, ಎಷ್ಟು ಕಡಿಮೆ ಇದೆ ಎಂದು, ಎಲ್ಲಿ ಕೈ ಹಾಕಬಾರದು ಎಂದು ಲೆಕ್ಕದ ಸಮೇತ ಹೇಳುವವರು ಬಹಳ ಕಡಿಮೆ. ಆ ಶಕ್ತಿ ಒಂದು ವರ್ಷದಲ್ಲಿ ಬರುವುದಲ್ಲ. ಸೋನ್‌ಭದ್ರದ ಆ ಅಂಕಿ ಹಿಂದೆಯೇ ಗುಡ್ಡ ಹತ್ತಿ, ಮಾದರಿ ತಂದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬರೆದಿಟ್ಟ ವರದಿಯಲ್ಲಿ ಕೂತಿತ್ತು. ವರದಿ ಇದ್ದದ್ದರಿಂದ ವದಂತಿ ಎರಡೇ ದಿನದಲ್ಲಿ ಸತ್ತಿತು.

ಇದನ್ನು ಈಗ ನೆನೆಯಲು ಕಾರಣವಿದೆ. ಜಿಎಸ್‌ಐ ತನ್ನ ಇತಿಹಾಸದಲ್ಲೇ ದೊಡ್ಡದೆನ್ನಬಹುದಾದ ಒತ್ತಡದಲ್ಲಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರತಂದಿತು. ಲಿಥಿಯಂ, ಕೋಬಾಲ್ಟ್, ಗ್ರಾಫೈಟ್, ಅಪರೂಪದ ಭೂಧಾತುಗಳೆಲ್ಲ ಅದರಲ್ಲಿವೆ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ಏಪ್ರಿಲ್‌ನಲ್ಲಿ ಚೀನಾ ಏಳು ಭೂಧಾತುಗಳ ಮತ್ತು ಅವುಗಳಿಂದ ಮಾಡುವ ಕಾಂತಗಳ ರಫ್ತಿಗೆ ಪರವಾನಗಿಯ ಬೇಲಿ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ಮಿಷನ್ ಅಡಿ ಜಿಎಸ್‌ಐ 2024-25ರಿಂದ 2030-31ರೊಳಗೆ 1,200 ಅನ್ವೇಷಣಾ ಯೋಜನೆಗಳನ್ನು ಮುಗಿಸಬೇಕು. ಹಣ ಬಂದಿದೆ, ಗಮನ ಬಂದಿದೆ, ಇವೆರಡೂ ಒಳ್ಳೆಯದೇ. ಆದರೆ ಸಂಸ್ಥೆಯ ಕೆಲಸವನ್ನು ಹರಾಜಿಗೆ ಒಪ್ಪಿಸಿದ ಬ್ಲಾಕುಗಳ, ಅಂದರೆ ಗಣಿಗೆಂದು ಗುರುತಿಸಿದ ನೆಲದ ತುಂಡುಗಳ, ಸಂಖ್ಯೆಯಿಂದ ಮಾತ್ರ ಅಳೆಯತೊಡಗಿದರೆ, ಸೋನ್‌ಭದ್ರದಲ್ಲಿ ಕಂಡ ಶಕ್ತಿ ನಿಧಾನವಾಗಿ ಸವೆಯುತ್ತದೆ. ನನ್ನ ಆತಂಕ ಇಷ್ಟೇ.

ಕಲ್ಲಿದ್ದಲಿಗಾಗಿ ಹುಟ್ಟಿದ್ದು

ಈಸ್ಟ್ ಇಂಡಿಯಾ ಕಂಪನಿಗೆ ಭೂವಿಜ್ಞಾನದ ಮೇಲೆ ಪ್ರೀತಿಯೇನೂ ಇರಲಿಲ್ಲ. ಉಗಿಹಡಗಿಗೆ ಕಲ್ಲಿದ್ದಲು ಬೇಕಿತ್ತು. 1846ರಲ್ಲಿ ನೇಮಕವಾದ ಡಿ.ಎಚ್. ವಿಲಿಯಮ್ಸ್ ಎರಡೇ ವರ್ಷದಲ್ಲಿ ಕಾಡಿನ ಜ್ವರಕ್ಕೆ ಬಲಿಯಾದರು. 1851ರ ಮಾರ್ಚ್‌ನಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಕಲ್ಕತ್ತಕ್ಕೆ ಬಂದಿಳಿದದ್ದನ್ನೇ ಜಿಎಸ್‌ಐ ಸ್ಥಾಪನೆ ಎಂದು ಲೆಕ್ಕ ಹಿಡಿಯುತ್ತಾರೆ. ಕಲ್ಲಿದ್ದಲು ಎಲ್ಲಿದೆ ಎಂದು ತಿಳಿಯಬೇಕಾದರೆ ಅದನ್ನು ಹೊತ್ತ ಶಿಲಾಪದರಗಳ ಪೂರ್ತಿ ಸರಣಿ ತಿಳಿದಿರಬೇಕು, ಅದಕ್ಕೆ ದೇಶವನ್ನು ಕ್ರಮವಾಗಿ ನಕ್ಷೆಗಿಳಿಸಬೇಕು ಎಂಬುದು ಓಲ್ಡ್‌ಹ್ಯಾಮ್ ನಿಲುವು. ಸಂಸ್ಥೆಯ ಮುಂದಿನ ಹಾದಿ ಅಲ್ಲಿಂದಲೇ ತೆರೆದುಕೊಂಡಿತು.

ಫಲ ಎಲ್ಲಿ ಸಿಕ್ಕಿತು ನೋಡಿ. 1856ರಲ್ಲಿ ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಪ್ರದೇಶಕ್ಕೆ ಹೋದ ಬ್ಲಾನ್‌ಫರ್ಡ್ ಸೋದರರು ಪದರಗಳ ಬುಡದಲ್ಲಿ ವಿಚಿತ್ರವಾದ ಗುಂಡುಕಲ್ಲುಗಳ ಹಾಸು ಕಂಡರು. ಅವನ್ನು ಅಲ್ಲಿಗೆ ತಂದದ್ದು ಮಂಜುಗಡ್ಡೆ ಎಂದು ಊಹಿಸಿದರು. ಈ ಉರಿನೆಲ ಒಂದು ಕಾಲದಲ್ಲಿ ಹಿಮದಡಿ ಇತ್ತು ಎಂಬ ಮಾತು ಆಗ ನಂಬಲಾಗದ್ದು. ಮುಂದೆ ಸಂಸ್ಥೆಯ ಭೂವಿಜ್ಞಾನಿ ಮೆಡ್ಲಿಕಾಟ್ ಈ ಪದರಗಳಿಗೆ ಕೊಟ್ಟ ಗೊಂಡ್ವಾನ ಎಂಬ ಹೆಸರು ಒಂದು ಮಹಾಖಂಡದ ಹೆಸರಾಗಿ ಜಗತ್ತೆಲ್ಲ ಬಳಕೆಗೆ ಬಂತು. ಓಲ್ಡ್‌ಹ್ಯಾಮರ ಮಗ ಆರ್.ಡಿ. ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿ ಕಂಪನದ ಅಲೆಗಳಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು ಗುರುತಿಸಿದರು. 1906ರ ಹೊತ್ತಿಗೆ ಅದೇ ದಾರಿಯಲ್ಲಿ ಭೂಮಿಗೊಂದು ಗರ್ಭವಿದೆ ಎಂಬ ಸಾಕ್ಷ್ಯ ಮುಂದಿಟ್ಟರು. ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿದ್ದು ಸರ್ವೇ ಕೆಲಸದ ನಡುವೆಯೇ. ಇವು ಯಾವುವೂ ಕಂಪನಿಯ ಗುರಿಪಟ್ಟಿಯಲ್ಲಿ ಇರಲಿಲ್ಲ.

ಸಂಸ್ಥೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. 1880ರಲ್ಲಿ ಸೇರಿದ ಪ್ರಮಥನಾಥ ಬೋಸ್ ಅಲ್ಲಿನ ಮೊದಲ ಭಾರತೀಯ ಉನ್ನತಾಧಿಕಾರಿ. 1903ರಲ್ಲಿ ತಮಗಿಂತ ಕಿರಿಯರಾದ ಹಾಲೆಂಡ್ ಅವರನ್ನು ನಿರ್ದೇಶಕರನ್ನಾಗಿ ಮಾಡಿದಾಗ ಬೋಸ್ ರಾಜೀನಾಮೆ ಕೊಟ್ಟರು. ಮಯೂರ್‌ಭಂಜ್ ಸಂಸ್ಥಾನದ ಕೆಲಸಕ್ಕೆ ಸೇರಿ ಗುರುಮಹಿಸಾನಿಯ ಕಬ್ಬಿಣದ ಅದಿರನ್ನು ಗುರುತಿಸಿದರು, 1904ರಲ್ಲಿ ಜೆ.ಎನ್. ಟಾಟಾ ಅವರಿಗೆ ಪತ್ರ ಬರೆದರು. ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಆ ಪತ್ರ ದಾರಿಯಾಯಿತು. ಭಾರತೀಯರೊಬ್ಬರು, ಎಂ.ಎಸ್. ಕೃಷ್ಣನ್, ನಿರ್ದೇಶಕರಾದದ್ದು 1951ರಲ್ಲಿ. ಸಂಸ್ಥೆಗೆ ಆಗ ಸರಿಯಾಗಿ ನೂರು ವರ್ಷ.

ಮೈಸೂರು ಕಟ್ಟಿದ ಇಲಾಖೆ

ನಮ್ಮಲ್ಲಿ ಈ ಕಥೆಗೆ ಇನ್ನೊಂದು ಎಳೆ ಇದೆ. ಮೈಸೂರು ಸಂಸ್ಥಾನ 1894ರಲ್ಲೇ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಕೋಲಾರದ ಚಿನ್ನದಿಂದ ರಾಜಧನ ಬರುತ್ತಿತ್ತು, ಉಳಿದ ನೆಲದಲ್ಲಿ ಏನಿದೆ ಎಂಬ ಕುತೂಹಲ ಸಹಜ. ಜಿಎಸ್‌ಐ ಬಿಟ್ಟು ಬಂದಿದ್ದ ಬ್ರೂಸ್ ಫೂಟ್ ಮೊದಲ ಕೆಲಸ ಮಾಡಿಕೊಟ್ಟರು. ನಮ್ಮ ಹಸಿರು ಶಿಲಾಪಟ್ಟಿಗಳಿಗೆ ಧಾರವಾಡದ ಹೆಸರಿಟ್ಟವರೂ ಅವರೇ. 1898ರಿಂದ ಇಲಾಖೆಯ ಚುಕ್ಕಾಣಿ ಹಿಡಿದ ಡಬ್ಲ್ಯು.ಎಫ್. ಸ್ಮೀತ್ ಕಾಲದಲ್ಲಿ ಸಂಸ್ಥಾನದ ನೆಲವೆಲ್ಲ ನಕ್ಷೆಗೆ ಇಳಿಯಿತು.

ಆ ಇಲಾಖೆಯ ಬಗ್ಗೆ ನನಗೆ ಅತ್ಯಂತ ಗೌರವ ಹುಟ್ಟಿಸುವುದು ನಕ್ಷೆಗಿಂತ ಒಂದು ವಾದ. ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದ ಹುಟ್ಟಿದವು, ಗುಂಡುಕಲ್ಲಿನ ಪದರಗಳೂ ಒತ್ತಡಕ್ಕೆ ಒಡೆದು ಹಾಗೆ ಕಾಣುತ್ತಿವೆಯೇ ಹೊರತು ನೀರಿನಲ್ಲಿ ಸಂಚಯವಾದವಲ್ಲ ಎಂಬುದು ಸ್ಮೀತ್ ಮತ. ಮುಖ್ಯಸ್ಥರ ಮತವೇ ಇಲಾಖೆಯ ಮತವಾಯಿತು. ಆದರೆ ಅದೇ ಇಲಾಖೆಯ ಮುಂದಿನ ಪೀಳಿಗೆ ಬೆಟ್ಟಗಳಿಗೆ ಮತ್ತೆ ಹೋಯಿತು. ಕಲ್ಲಿನ ಮೇಲೆ ಅಲೆಯ ಗೆರೆಗಳು, ಹರಿವ ನೀರು ಹಾಸಿದ ಓರೆ ಪದರಗಳು ಕಣ್ಣಿಗೆ ಬಿದ್ದವು. ಬಿ. ರಾಮರಾವ್ 1930ರ ದಶಕದಲ್ಲಿ ಹಳೆಯ ಮತವನ್ನು ಮರುಪರಿಶೀಲಿಸಿ ಧಾರವಾಡ ಶಿಲೆಗಳಲ್ಲಿ ನೀರಿನ ಸಂಚಯಗಳ ಪಾಲು ದೊಡ್ಡದಿದೆ ಎಂದು ಬರೆದರು. ಸಿ.ಎಸ್. ಪಿಚ್ಚಮುತ್ತು ಅವರೂ ಅದೇ ಜಾಡಿನಲ್ಲಿ ನಡೆದರು. ಇಲಾಖೆಯೊಂದು ತನ್ನದೇ ಮಾಜಿ ಮುಖ್ಯಸ್ಥರ ಸಿದ್ಧಾಂತವನ್ನು ತನ್ನದೇ ದಾಖಲೆಗಳಲ್ಲಿ ತಿದ್ದಿಕೊಂಡಿತು. ಸರ್ಕಾರಿ ಕಚೇರಿಯಲ್ಲಿ ಸಂಶೋಧನೆ ನಡೆಯುತ್ತಿತ್ತು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಆ ಪರಂಪರೆಯ ಕೊನೆಯ ದೊಡ್ಡ ಹೆಸರು ಬಿ.ಪಿ. ರಾಧಾಕೃಷ್ಣ. ಇಲಾಖೆಯ ನಿರ್ದೇಶಕರಾಗಿ ಅಂತರ್ಜಲದ ಕೆಲಸಕ್ಕೆ ಒತ್ತು ಕೊಟ್ಟರು. ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ಬೆಳೆಸಿದರು. ಭಾರತದ ಭೂವಿಜ್ಞಾನಿಗಳು ಸರ್ಕಾರದ ಮುದ್ರೆಯ ಹಂಗಿಲ್ಲದೆ ವಾದಿಸಲು ಸಿಕ್ಕ ಜಾಗ ಅದು.

ಇಂದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಎಂದರೆ ಜನರಿಗೆ ನೆನಪಾಗುವುದು ಮರಳು, ಜಲ್ಲಿ, ಪರವಾನಗಿ, ರಾಜಧನ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತದ 2011ರ ವರದಿ, ಅದೇ ವರ್ಷ ಸುಪ್ರೀಂ ಕೋರ್ಟ್ ಹೇರಿದ ಗಣಿ ನಿಷೇಧ, ಇವೆಲ್ಲ ನಡೆದ ಮೇಲೆ ಇಲಾಖೆಯ ಶಕ್ತಿ ಇನ್ನಷ್ಟು ನಿಯಂತ್ರಣದ ಕಡೆಗೇ ವಾಲಿತು. ನಿಯಂತ್ರಣ ಬೇಕೇ ಬೇಕು. ಆದರೆ ಪರವಾನಗಿ ಕೊಡುವ ಕೈಯೇ ಸಂಶೋಧನೆ ಮಾಡಬೇಕಾದಾಗ ಸಂಶೋಧನೆ ಯಾವಾಗಲೂ ಎರಡನೆಯ ಸಾಲಿಗೆ ಸರಿಯುತ್ತದೆ. ರಾಷ್ಟ್ರಮಟ್ಟದಲ್ಲಿ ಜಿಎಸ್‌ಐಗೆ ಮುಂದೆ ಏನಾಗಬಹುದು ಎಂಬುದಕ್ಕೆ ನಮ್ಮ ಇಲಾಖೆಯ ಈ ಬದಲಾವಣೆಯೇ ಹತ್ತಿರದ ಪಾಠ.

ಒಂದು ನೆಲ, ಹಲವು ಮಂತ್ರಾಲಯ

ಸ್ವಾತಂತ್ರ್ಯದ ಆಸುಪಾಸಿನಿಂದ ಭೂವಿಜ್ಞಾನದ ಸಂಸ್ಥೆಗಳು ಒಂದರ ಹಿಂದೆ ಒಂದು ಬಂದವು. 1946ರಲ್ಲಿ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ. 1949ರಲ್ಲಿ ಅಪರೂಪದ ಖನಿಜಗಳ ಸಮೀಕ್ಷಾ ಘಟಕ, ಅದೇ ಇಂದು ಹೈದರಾಬಾದಿನಲ್ಲಿರುವ ಪರಮಾಣು ಖನಿಜ ನಿರ್ದೇಶನಾಲಯ. 1961ರಲ್ಲಿ ಅದೇ ಊರಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, 1968ರಲ್ಲಿ ಹಿಮಾಲಯಕ್ಕೆಂದೇ ವಾಡಿಯಾ ಸಂಸ್ಥೆ, 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ. ಆಳದ ಗಣಿಯಲ್ಲಿ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದ ಊರಿನಲ್ಲಿ ಅಂಥ ಸಂಸ್ಥೆ ಹುಟ್ಟಿದ್ದು ಅರ್ಥಪೂರ್ಣ.

ಈ ಹರವಿನಿಂದ ಆಳ ಬಂತು. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಆದ ಭೂಕಂಪದ ನಂತರ ಭೂಭೌತ ಸಂಸ್ಥೆ ಆ ಜಲಾಶಯದ ಬಳಿ ದಶಕಗಳ ಕಾಲ ಬಿಡದೆ ಕಂಪನ ಅಳೆದದ್ದರಿಂದಲೇ ಜಲಾಶಯಕ್ಕೂ ಭೂಕಂಪಕ್ಕೂ ಇರುವ ನಂಟಿನ ಬಗ್ಗೆ ಜಗತ್ತು ಕೊಯ್ನಾದಿಂದ ಕಲಿಯುತ್ತಿದೆ. ಆದರೆ ಹರವಿನಿಂದ ಬಿರುಕೂ ಬಂತು. ಜಿಎಸ್‌ಐ ಗಣಿ ಸಚಿವಾಲಯದ್ದು, ಪರಮಾಣು ಖನಿಜದವರು ಅಣುಶಕ್ತಿ ಇಲಾಖೆಯವರು, ಭೂಭೌತ ಸಂಸ್ಥೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅಡಿ, ವಾಡಿಯಾ ಸಂಸ್ಥೆ ವಿಜ್ಞಾನ ತಂತ್ರಜ್ಞಾನ ಇಲಾಖೆಯಲ್ಲಿ. 1972ರಲ್ಲಿ ಜಿಎಸ್‌ಐನ ಅಂತರ್ಜಲ ವಿಭಾಗವನ್ನೇ ಕಿತ್ತು ಕೇಂದ್ರೀಯ ಅಂತರ್ಜಲ ಮಂಡಳಿಗೆ ಸೇರಿಸಿದರು. ನಮ್ಮ ಬಯಲುಸೀಮೆಯಲ್ಲಿ ನೀರು ನಿಂತಿರುವುದೇ ಗ್ರಾನೈಟು, ನೈಸ್ ಬಂಡೆಗಳ ಸೀಳುಗಳಲ್ಲಿ. ಸೀಳಿನ ನಕ್ಷೆ ಒಬ್ಬರ ಬಳಿ, ನೀರಿನ ಮಟ್ಟದ ದಾಖಲೆ ಇನ್ನೊಬ್ಬರ ಬಳಿ ಇದ್ದರೆ ಕೋಲಾರದ ರೈತ ಬೋರ್‌ವೆಲ್ ಕೊರೆಸುವಾಗ ಎರಡೂ ಸಿಗುವುದಿಲ್ಲ.

ಮಂಡ್ಯದ ಲಿಥಿಯಂ ಪ್ರಸಂಗವನ್ನು ಇಲ್ಲೇ ನೋಡಬೇಕು. ಲಿಥಿಯಂ 2023ರವರೆಗೆ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು, ಹಾಗಾಗಿ ಮರ್ಲಗಲ್ಲದ ಹುಡುಕಾಟ ಪರಮಾಣು ಖನಿಜ ನಿರ್ದೇಶನಾಲಯದ ಕೆಲಸವಾಗಿತ್ತು. 2020ರಲ್ಲಿ 14,100 ಟನ್ ಎಂಬ ಅಂದಾಜು ಪತ್ರಿಕೆಗಳಲ್ಲಿ ಬಂತು. ಮರುವರ್ಷ ನಿರ್ದೇಶನಾಲಯ ತನ್ನ ಪ್ರಾಥಮಿಕ ಅಂದಾಜು 1,600 ಟನ್ ಎಂದಿತು. ಒಂಬತ್ತು ಪಾಲಿನ ಹತ್ತಿರ ವ್ಯತ್ಯಾಸ, ಆದರೆ ಎರಡನೆಯ ಸುದ್ದಿ ಮೊದಲನೆಯದರಷ್ಟು ಓಡಲಿಲ್ಲ. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು ಪ್ರಕಟವಾದಾಗಲೂ ಹೀಗೆಯೇ. ಅದು ಜಿ3 ಹಂತದ ಅಂದಾಜು. ಅನ್ವೇಷಣೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಜಿ4ರಲ್ಲಿ ಸುಳಿವು, ಜಿ3ರಲ್ಲಿ ಪ್ರಾಥಮಿಕ ಲೆಕ್ಕ, ಜಿ2 ಮತ್ತು ಜಿ1ರಲ್ಲಿ ಹತ್ತಿರ ಹತ್ತಿರ ಕೊಳವೆ ಕೊರೆದು ಖಚಿತಪಡಿಸಿಕೊಳ್ಳುವುದು. ಅದರ ನಂತರವೂ ಆ ಅದಿರಿನಿಂದ ಲೋಹ ಬೇರ್ಪಡಿಸುವುದು ಲಾಭಕರವೇ ಎಂಬ ಪ್ರಶ್ನೆ ಉಳಿಯುತ್ತದೆ. ರಿಯಾಸಿಯ ಬ್ಲಾಕನ್ನು ಹರಾಜಿಗಿಟ್ಟಾಗ ಸಾಕಷ್ಟು ಅರ್ಜಿದಾರರೇ ಬರಲಿಲ್ಲ. ಎರಡನೆಯ ಮೆಟ್ಟಿಲಲ್ಲಿ ನಿಂತವರಿಗೆ ಉಪ್ಪರಿಗೆ ಮಾರಲು ಹೇಳಿದಂತಾಯಿತು.

ಹಾಗೆಂದು ಈಚಿನ ಸುಧಾರಣೆಗಳನ್ನು ಅಲ್ಲಗಳೆಯಲಾರೆ. 2023ರ ಡಿಸೆಂಬರ್‌ನಲ್ಲಿ ತೆರೆದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ನಿಜವಾದ ಮುನ್ನಡೆ. ಕಪಾಟುಗಳಲ್ಲಿದ್ದ ನಕ್ಷೆ, ಭೂರಸಾಯನ, ಭೂಭೌತದ ಮಾಹಿತಿ ಈಗ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿಗೂ ಸಿಗುವ ದಾರಿಯಾಗಿದೆ. 1:50,000 ಅಳತೆಯ ನಕ್ಷೆ ದೇಶದ ಬಹುತೇಕ ಭಾಗಕ್ಕೆ ಮುಗಿದಿದೆ. ಖಾಸಗಿ ಅನ್ವೇಷಣಾ ಸಂಸ್ಥೆಗಳಿಗೂ ಬಾಗಿಲು ತೆರೆದಿದೆ. ಆದರೆ ಖಾಸಗಿಯವರು ಬರುವುದು ಸಾರ್ವಜನಿಕ ಮೂಲದತ್ತಾಂಶ ಎಷ್ಟು ಗಟ್ಟಿ ಎಂದು ನೋಡಿದ ಮೇಲೆ. ಮೂಲದತ್ತಾಂಶ ಒದಗಿಸುವವರನ್ನೆಲ್ಲ ಬ್ಲಾಕು ತಯಾರಿಸಲು ಹಚ್ಚಿದರೆ ಮುಂದಿನ ಇಪ್ಪತ್ತು ವರ್ಷದ ಬ್ಲಾಕುಗಳಿಗೆ ಆಧಾರವಿರುವುದಿಲ್ಲ. 1,200 ಯೋಜನೆಗಳಲ್ಲಿ ಬಹುಪಾಲಿನಲ್ಲಿ ಗಣಿ ಮಾಡುವಂಥದ್ದೇನೂ ಸಿಗುವುದಿಲ್ಲ, ಅದು ಈ ಕೆಲಸದ ಸ್ವಭಾವ. ಆ ಬರಿಗೈ ವರದಿಗಳನ್ನೂ ಪೂರ್ತಿಯಾಗಿ ಪ್ರಕಟಿಸಬೇಕು. ಇಲ್ಲಿ ಕೊರೆದಾಗಿದೆ, ಇಲ್ಲ ಎಂಬ ಮಾಹಿತಿ ಮುಂದಿನವರ ಹಣವನ್ನೂ ವರ್ಷಗಳನ್ನೂ ಉಳಿಸುತ್ತದೆ.

ಗುಡ್ಡ ಜಾರಿದಾಗ

ಖನಿಜ ಸಿಗದಿದ್ದರೆ ಹಣ ಹೋಗುತ್ತದೆ. ಸಂಸ್ಥೆಯ ಇನ್ನೊಂದು ಹೊಣೆಯಲ್ಲಿ ಎಡವಿದರೆ ಜೀವ ಹೋಗುತ್ತದೆ. 2004ರಿಂದ ಭೂಕುಸಿತದ ಅಧ್ಯಯನಕ್ಕೆ ಜಿಎಸ್‌ಐ ದೇಶದ ಮುಖ್ಯ ಸಂಸ್ಥೆ. ಅದರ ಲೆಕ್ಕದಂತೆ ದೇಶದ ನೆಲದ ಶೇ 12.6, ಅಂದರೆ 4.2 ಲಕ್ಷ ಚದರ ಕಿಲೊಮೀಟರ್, ಕುಸಿತಕ್ಕೆ ಈಡಾಗಬಲ್ಲದ್ದು. ಅದರಲ್ಲಿ 90 ಸಾವಿರ ಚದರ ಕಿಲೊಮೀಟರ್ ಪಶ್ಚಿಮಘಟ್ಟ ಮತ್ತು ಕೊಂಕಣದ ಬೆಟ್ಟಗಳಲ್ಲಿದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಜಿಎಸ್‌ಐ ತಂಡ ಬಂದು ನೋಡಿ, ಹೆದ್ದಾರಿಗಾಗಿ ಇಳಿಜಾರನ್ನು ಕಡಿದ ರೀತಿಯತ್ತ ಬೆರಳು ತೋರಿತು. ಕರಾವಳಿಯ ಗುಡ್ಡಗಳ ಮೇಲ್ಭಾಗ ಮುರಕಲ್ಲು, ಅದರಡಿ ಕೊಳೆತು ಮೆತ್ತಗಾದ ಕಲ್ಲು, ಜೇಡಿ. ಎಡೆಬಿಡದ ಮಳೆಯಲ್ಲಿ ನೀರು ಇಂಗಿ ಈ ಪದರದೊಳಗಿನ ಒತ್ತಡ ಏರುತ್ತದೆ. ಅಡಿಯಲ್ಲಿ ಆನಿಕೆಯಾಗಿದ್ದ ಪಾದವನ್ನು ನೆಟ್ಟಗೆ ಕಡಿದಿದ್ದರೆ ಮೇಲಿನದು ಜಾರದೆ ವಿಧಿಯಿಲ್ಲ. ಇದು ಕಡಿಯುವ ಮುಂಚೆಯೇ ಹೇಳಬಹುದಾದ ಮಾತು. ನಮ್ಮಲ್ಲಿ ಭೂವಿಜ್ಞಾನಿಯನ್ನು ಕರೆಸುವುದು ಕುಸಿದ ಮೇಲೆ.

ಅದೇ ತಿಂಗಳು ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಗಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಊರುಗಳು ಕೊಚ್ಚಿಹೋದವು. ಆ ದಿನಕ್ಕೆ ಜಿಎಸ್‌ಐ ಕೊಟ್ಟಿದ್ದು ಹಸಿರು ಸೂಚನೆ, ಅಂದರೆ ಅಪಾಯ ಕಡಿಮೆ ಎಂಬ ಸೂಚನೆ, ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು. ಯಾರ ತಪ್ಪು ಎಂಬ ಜಗಳಕ್ಕಿಂತ ಮುಖ್ಯವಾದದ್ದು ಅಳತೆಯ ಪ್ರಶ್ನೆ. ದೇಶದ ಭೂಕುಸಿತ ಸಂಭಾವ್ಯತೆಯ ನಕ್ಷೆ 1:50,000 ಅಳತೆಯದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೊಮೀಟರ್. ಯಾವ ತಾಲ್ಲೂಕು ಅಪಾಯದಲ್ಲಿದೆ ಎಂದು ತಿಳಿಯಲು ಅದು ಸಾಕು, ಯಾವ ಮನೆಯ ಹಿಂದಿನ ದರೆ ಜಾರೀತು ಎಂದು ತಿಳಿಯಲು ಸಾಲದು. ಅದಕ್ಕೆ 1:10,000 ಅಥವಾ ಇನ್ನೂ ಹತ್ತಿರದ ನಕ್ಷೆ ಬೇಕು, ಊರೂರಲ್ಲಿ ಮಳೆಮಾಪಕ ಬೇಕು, ಹಳೆಯ ಕುಸಿತಗಳ ದಾಖಲೆ ಬೇಕು. 2018ರಲ್ಲಿ ಕೊಡಗು ಕಂಡದ್ದರ ನಂತರವಂತೂ ಇದನ್ನು ಕೇಳಲು ಹಿಂಜರಿಯಬೇಕಿಲ್ಲ.

ಇಂಥ ವರದಿ ರಸ್ತೆಯವರಿಗೂ ಇಷ್ಟವಾಗದು, ಗಣಿಯವರಿಗೂ ಇಷ್ಟವಾಗದು. ಅದಕ್ಕೇ ಸಂಸ್ಥೆಗೆ ಕಾನೂನಿನ ಆಸರೆ ಬೇಕಾಗುತ್ತದೆ. ಅಮೆರಿಕ 1879ರಲ್ಲಿ ತನ್ನ ಭೂವೈಜ್ಞಾನಿಕ ಸರ್ವೇ ಸ್ಥಾಪಿಸಿದ ಕಾಯ್ದೆಯಲ್ಲೇ ಸರ್ವೇಯ ನಿರ್ದೇಶಕರಿಗೂ ಸದಸ್ಯರಿಗೂ ಅವರು ಸಮೀಕ್ಷೆ ಮಾಡುವ ಪ್ರದೇಶದ ಭೂಮಿಯಲ್ಲಿ, ಖನಿಜದಲ್ಲಿ ಸ್ವಂತ ಹಿತಾಸಕ್ತಿ ಇರಕೂಡದು, ಖಾಸಗಿಯವರಿಗೆ ಸಮೀಕ್ಷೆ ಮಾಡಿಕೊಡಕೂಡದು ಎಂದು ಬರೆದಿಟ್ಟಿತು. 170 ವರ್ಷ ದಾಟಿದ ಜಿಎಸ್‌ಐ ಇಂದಿಗೂ ಗಣಿ ಸಚಿವಾಲಯದ ಒಂದು ಲಗತ್ತು ಕಚೇರಿ. ಗಣಿ ಹೆಚ್ಚಿಸುವುದು ಯಾವ ಸಚಿವಾಲಯದ ಗುರಿಯೋ, ಗುಡ್ಡ ಕಡಿಯಬೇಡಿ ಎನ್ನಬೇಕಾದ ಸಂಸ್ಥೆಯೂ ಅದರದೇ. ಲಾಲ್‌ಬಾಗಿನ ಬಂಡೆ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ, ಕೆಜಿಎಫ್ ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ, ಹೀಗೆ ನಮ್ಮ ರಾಜ್ಯದ ನಾಲ್ಕು ತಾಣಗಳನ್ನು ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದೆ, ಆದರೆ ಅವನ್ನು ಕಾಯಲು ಪ್ರತ್ಯೇಕ ಕೇಂದ್ರ ಕಾನೂನಿಲ್ಲ. 2022ರ ಭೂಪರಂಪರೆ ಮಸೂದೆ ಕರಡಿನಲ್ಲೇ ನಿಂತಿತು. ಅಧಿಕಾರವನ್ನೆಲ್ಲ ಕೇಂದ್ರಕ್ಕೂ ಜಿಎಸ್‌ಐಗೂ ಕೊಟ್ಟು ರಾಜ್ಯಗಳನ್ನು, ವಿಶ್ವವಿದ್ಯಾಲಯಗಳನ್ನು ಹೊರಗಿಟ್ಟದ್ದಕ್ಕೆ ಬಂದ ಆಕ್ಷೇಪ ನ್ಯಾಯವಾದದ್ದೇ. ಅದನ್ನು ತಿದ್ದಿ ತರಬಹುದಿತ್ತು.

ಜನರ ವಿಷಯ ಹೇಳದೆ ಇದು ಮುಗಿಯದು. ನಮ್ಮಲ್ಲಿ ಪಿಯುಸಿಯಲ್ಲಿ ಭೂವಿಜ್ಞಾನ ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಜಿಎಸ್‌ಐ ಸೇರಿದ ಹೊಸಬರನ್ನು ದೇಶದ ನಾನಾ ಕಡೆಯಿಂದ ಚಿತ್ರದುರ್ಗದ ಕ್ಷೇತ್ರ ತರಬೇತಿ ಕೇಂದ್ರಕ್ಕೆ ಕರೆತಂದು ನಮ್ಮ ಶಿಲಾಪಟ್ಟಿಗಳ ಮೇಲೆ ನಡೆಸಿ ಕಲಿಸುತ್ತಾರೆ. ಅದೇ ಚಿತ್ರದುರ್ಗದ ಎಷ್ಟು ಮಕ್ಕಳಿಗೆ ತಮ್ಮ ಬೆಟ್ಟದ ವಯಸ್ಸು ಶಾಲೆಯಲ್ಲಿ ಸಿಗುತ್ತದೆ?

ಇನ್ನು ಹಣ. ಗಣಿ ಗುತ್ತಿಗೆದಾರರು ಕಟ್ಟುವ ರಾಜಧನದ ಮೇಲೆ ಶೇ 2ರಷ್ಟು 2015ರಿಂದ ರಾಷ್ಟ್ರೀಯ ಖನಿಜ ಅನ್ವೇಷಣಾ ನಿಧಿಗೆ ಸಂದಾಯವಾಗುತ್ತಿತ್ತು. 2025ರ ತಿದ್ದುಪಡಿ ಅದನ್ನು ಶೇ 3ಕ್ಕೆ ಏರಿಸಿ, ಗಣಿ ಅಭಿವೃದ್ಧಿಗೂ ವಿದೇಶದ ಅನ್ವೇಷಣೆಗೂ ಬಳಸಲು ಅವಕಾಶ ಕೊಟ್ಟಿತು. ಖನಿಜ ಹುಡುಕಲು ಹೀಗೆ ಬತ್ತದ ಮೂಲವಿದೆ. ಇಳಿಜಾರುಗಳನ್ನು 1:10,000ರಲ್ಲಿ ನಕ್ಷೆಗಿಳಿಸಲು, ಬಂಡೆಯ ಸೀಳುಗಳಲ್ಲಿನ ನೀರನ್ನು ಲೆಕ್ಕ ಹಾಕಲು ಅಂಥ ಮೂಲವಿಲ್ಲ. ನೆಲದಿಂದ ತೆಗೆದದ್ದರ ಮೇಲೆ ಎತ್ತಿದ ಹಣ ಅದು. ಹೆಚ್ಚಿಸಿದ ಆ ಶೇ 1ರ ಪಾಲನ್ನಾದರೂ ಭೂಕುಸಿತ ಮತ್ತು ಅಂತರ್ಜಲದ ನಕ್ಷೆಗಳಿಗೆ ಮೀಸಲಿಡಬೇಕು ಎಂದು ಕರ್ನಾಟಕ, ಕೇರಳ, ಉತ್ತರಾಖಂಡಗಳ ಸಂಸದರು ಪಕ್ಷ ಮರೆತು ಒಟ್ಟಾಗಿ ಕೇಳಬಹುದು. ಶಿರೂರಿನಿಂದ ತಲಕಾವೇರಿವರೆಗಿನ ತಾಲ್ಲೂಕುಗಳಿಂದ ಆ ನಕ್ಷೆಯ ಕೆಲಸ ಶುರುವಾಗಲಿ. ಅದರ ವರದಿಗೆ ಸಹಿ ಹಾಕುವ ಭೂವಿಜ್ಞಾನಿ ಯಾವ ಸಚಿವಾಲಯದ ಅನುಮತಿಗೂ ಕಾಯದೆ ಅದನ್ನು ಜಿಲ್ಲಾಧಿಕಾರಿಗೂ ಗ್ರಾಮ ಪಂಚಾಯಿತಿಗೂ ಒಂದೇ ದಿನ ಕಳಿಸುವಂತಾಗಲಿ.